ನಾಲ್ಕು ದೋಣಿಯಲ್ಲಿ ಕಾಲು: ಸ್ಕ್ರೀನ್, ಬಟ್ಟೆ, ಆ್ಯಪ್, ಕವಿತೆ

ಪ್ರಶ್ನೆ: "ಒಂಬತ್ತು ವರ್ಷದಿಂದ ಡಿಜಿಟಲ್ ಕಲೆ ಮಾಡುತ್ತಿದ್ದೇನೆ. ಕವಿತೆ ಬರೆಯುವುದು ಅದಕ್ಕೂ ಹಳೆಯ ಚಟ. ನಮ್ಮಜ್ಜಿಗೆ ಮರೆವು ಶುರುವಾದ ಮೇಲೆ 12 ಸಾಲಿನ ಒಂದು ಕವಿತೆ ಬರೆದೆ. ಮೊದಲ ಸಾಲಿನಲ್ಲಿ 12 ಅಕ್ಷರ, ಎರಡನೆಯದರಲ್ಲಿ 11, ಹೀಗೆ ಇಳಿಯುತ್ತಾ ಕೊನೆಯ ಸಾಲಿಗೆ ಒಂದೇ ಅಕ್ಷರ. ಅದನ್ನೇ ಅನಿಮೇಶನ್ ಮಾಡಿದೆ. ಗಾಢ ನೀಲಿಯ ಮೇಲೆ ಅಕ್ಷರಗಳು ಒಂದೊಂದಾಗಿ ಕರಗುತ್ತವೆ. ಆಮೇಲೆ ಸಣ್ಣ ಆ್ಯಪ್ ಮಾಡಿಸಿದೆ. ಬೆರಳು ಇಟ್ಟಲ್ಲಿ ಅಕ್ಷರ ಮಾಯ. ಕಳೆದ ವರ್ಷ ಅನಿಮೇಶನ್‌ನ ಒಂದು ಫ್ರೇಮನ್ನು 10 ಸ್ಟೋಲ್‌ಗಳ ಮೇಲೆ ಪ್ರಿಂಟ್ ಹಾಕಿಸಿದೆ.

ಎಲ್ಲವೂ ಕೈಕೊಟ್ಟವು. ಸ್ಟೋಲ್‌ನ ನೀಲಿ ಮಂಕಾಗಿ, ನೇರಳೆಯ ಕಡೆ ತಿರುಗಿ ಬಂತು. ಚಿತ್ರ ಮಸುಕು. ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು. ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತಿವೆ. ಆ್ಯಪ್ ನನ್ನ ಹಳೆಯ ಫೋನಿನಲ್ಲಿ ಓಡುತ್ತದೆ, ತಂಗಿಯ ಹೊಸ ಫೋನಿನಲ್ಲಿ ಹುಡುಕಿದರೂ ಸಿಗುವುದಿಲ್ಲ. 'ಎಲ್ಲಾ ಮಾಡೋಕೆ ಹೋದರೆ ಹೀಗೇ, ಯಾವುದಾದರೂ ಒಂದನ್ನು ಹಿಡಿ' ಅನ್ನುತ್ತಾರೆ ಗೆಳೆಯರು. ನೀನು ಕಲಾವಿದೆಯೋ, ಡಿಸೈನರೋ, ಕವಿಯೋ ಎಂದು ಯಾರಾದರೂ ಕೇಳಿದರೆ ಸುಮ್ಮನಾಗುತ್ತೇನೆ. ಯಾವುದನ್ನು ಬಿಡಲಿ?"

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ನಾಲ್ಕೈದು ತಾಂತ್ರಿಕ ದೂರುಗಳಿವೆ, ಜೊತೆಗೆ ಒಂದು ಭಯ ಇದೆ. ದೂರುಗಳು ಭಯಕ್ಕೆ ಸಾಕ್ಷಿ ಹೇಳುತ್ತಿವೆ ಎಂದು ನಿಮಗೆ ಅನಿಸಿದೆ. ಬಣ್ಣ ಮಂಕಾಯಿತು, ಆ್ಯಪ್ ಕಾಣೆಯಾಯಿತು, ಆದ್ದರಿಂದ ನಾನು ಹರಡಿಕೊಂಡಿದ್ದೇ ತಪ್ಪು ಅಂತ. ಅಷ್ಟು ಸುಲಭವಾಗಿ ತೀರ್ಪು ಕೊಡಬೇಡಿ. ಬರೀ ಬಟ್ಟೆಯ ಕೆಲಸವನ್ನೇ ಇಪ್ಪತ್ತು ವರ್ಷ ಮಾಡಿದವರ ನೀಲಿಯೂ ನೇರಳೆಯಾಗುತ್ತದೆ. ನನ್ನದೂ ಆಗಿದೆ.

ಮೊದಲು ಗೆಳೆಯರ ಮಾತಿಗೆ ಬರುತ್ತೇನೆ. ಸ್ಕ್ರೀನ್ ಒಂದು ಲೋಕ, ಬಟ್ಟೆ ಇನ್ನೊಂದು, ಕವಿತೆ ಮತ್ತೊಂದು ಎಂಬ ನಂಬಿಕೆ ಅದರ ಹಿಂದಿದೆ. ಇತಿಹಾಸ ಬೇರೆ ಕಥೆ ಹೇಳುತ್ತದೆ. 1804ರ ಸುಮಾರಿಗೆ ಫ್ರಾನ್ಸಿನ ಲಿಯಾನ್‌ನಲ್ಲಿ ಜೋಸೆಫ್ ಮರಿ ಜಕಾರ್ಡ್ ತನ್ನ ಮಗ್ಗಕ್ಕೆ ತೂತು ಹೊಡೆದ ಕಾರ್ಡುಗಳನ್ನು ಜೋಡಿಸಿದ. ತೂತು ಇದ್ದರೆ ಹಾಸಿನ ಎಳೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡಿದ ನೂಲು, ಮೇಲೇಳುತ್ತದೆ, ಇಲ್ಲದಿದ್ದರೆ ಕೆಳಗೇ ಉಳಿಯುತ್ತದೆ. ಇದೆ ಅಥವಾ ಇಲ್ಲ, ಇಷ್ಟೇ ಭಾಷೆ. ಆ ಕಾರ್ಡುಗಳ ಯೋಚನೆಯನ್ನೇ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಎತ್ತಿಕೊಂಡ. 1843ರಲ್ಲಿ ಗಣಿತ ಬಲ್ಲ ಏಡಾ ಲವ್‌ಲೇಸ್ ಆ ಯಂತ್ರದ ಬಗ್ಗೆ ಬರೆಯುವಾಗ, ಜಕಾರ್ಡ್ ಮಗ್ಗ ಹೂವು ಎಲೆ ನೇಯುವ ಹಾಗೆ ಇದು ಬೀಜಗಣಿತವನ್ನು ನೇಯುತ್ತದೆ ಎಂದಳು. ಚಂದ್ರನಿಗೆ ಹೋದ ಅಪೊಲೊ ನೌಕೆಯ ಕಂಪ್ಯೂಟರಿನ ಪ್ರೋಗ್ರಾಮನ್ನು ಕಾರ್ಖಾನೆಯ ಹೆಣ್ಣುಮಕ್ಕಳು ತಂತಿಯಲ್ಲಿ ಅಕ್ಷರಶಃ ಹೆಣೆದರು. ತಂತಿ ಕಾಂತದ ಸಣ್ಣ ಬಳೆಯೊಳಗೆ ತೂರಿದರೆ 1, ಪಕ್ಕದಲ್ಲಿ ಹಾದು ಹೋದರೆ 0. 1984ರ ಮ್ಯಾಕಿಂಟಾಶ್‌ಗೆ ಐಕಾನ್ ಬಿಡಿಸಿದ ಸೂಸನ್ ಕೇರ್ ಮೊದಲು ಅವನ್ನು ಚೌಕುಳಿ ಹಾಳೆಯಲ್ಲಿ ಒಂದೊಂದು ಮನೆ ತುಂಬಿ ಬಿಡಿಸಿದರು. ಕಸೂತಿ ಮಾಡುವವರು ಮಾಡುವುದೂ ಅದನ್ನೇ ಅಲ್ವಾ?

ಕವಿತೆಯೂ ಈ ಮನೆಗೆ ಹೊರಗಿನ ನೆಂಟನಲ್ಲ. 1967ರಲ್ಲಿ ಆಲಿಸನ್ ನೋಲ್ಸ್ ಎಂಬ ಕಲಾವಿದೆ, ಸಂಗೀತಗಾರ ಜೇಮ್ಸ್ ಟೆನಿಯ ನೆರವಿನಿಂದ, ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕವಿತೆ ಕಟ್ಟುವ ಪ್ರೋಗ್ರಾಮ್ ಮಾಡಿದರು. ಮನೆ ಯಾವುದರಿಂದ ಕಟ್ಟಿದ್ದು, ಎಲ್ಲಿದೆ, ಬೆಳಕು ಯಾವುದು, ಒಳಗೆ ಯಾರಿದ್ದಾರೆ ಎಂಬ ನಾಲ್ಕು ಪಟ್ಟಿಗಳಿಂದ ಯಂತ್ರ ಒಂದೊಂದು ಪದ ಎತ್ತಿ ಚರಣ ಮಾಡುತ್ತಿತ್ತು. ಮುಂದೆ ಅದರಲ್ಲಿ ಒಂದು ಚರಣವನ್ನು ನಿಜವಾಗಿಯೂ ಕಟ್ಟಿ ನಿಲ್ಲಿಸಿದರು, ಜನ ಒಳಗೆ ಹೋಗಿ ಬರುವ ಹಾಗೆ. ಕೋಡ್, ಕಾಗದ, ಕಟ್ಟಡ, ಮೂರಕ್ಕೂ ಕವಿತೆ ಒಂದೇ.

ಹೀಗೆಂದು ಗೆಳೆಯರ ಮಾತು ಪೂರ್ತಿ ಸುಳ್ಳೂ ಅಲ್ಲ. ನಾಲ್ಕು ಮಾಧ್ಯಮಕ್ಕೆ ನಾಲ್ಕು ಬಗೆಯ ಕೈ ಬೇಕು. ನಾಲ್ಕೂ ಒಬ್ಬರಲ್ಲೇ ಇರಬೇಕೆಂದು ಹಟ ಹಿಡಿದರೆ ಎಡವುತ್ತೇವೆ. ನಿಮ್ಮ ಒಂದೊಂದು ದೂರನ್ನೂ ಬಿಚ್ಚಿ ನೋಡಿದರೆ ಎಲ್ಲಿ ಎಡವಿದಿರಿ ಎಂಬುದು ಕಾಣುತ್ತದೆ.

ನೀಲಿಯ ಕಥೆ

ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನ ಅಳುವುದು ಇಲ್ಲೇ. "ಮೆಷಿನ್ ಸರಿಯಿಲ್ಲ", "ಪ್ರಿಂಟ್ ಮಾಡಿದವರು ಇಂಕ್ ಉಳಿಸಿದರು" ಎಂಬ ಮಾತು ದಿನಾ ಕೇಳುತ್ತೇನೆ. ಒಮ್ಮೊಮ್ಮೆ ನಿಜವಿರಬಹುದು. ಆದರೆ ಬಹುಪಾಲು ಸಲ ಮೆಷಿನ್ ತನ್ನ ಕೈಲಾದದ್ದನ್ನು ಮಾಡಿರುತ್ತದೆ.

ಸ್ಕ್ರೀನಿನ ನೀಲಿ ಬೆಳಕು. ಕೆಂಪು, ಹಸಿರು, ನೀಲಿ ದೀಪಗಳಲ್ಲಿ ನೀಲಿಯೊಂದನ್ನೇ ಪೂರ್ತಿ ಉರಿಸಿದರೆ ಕಣ್ಣಿಗೆ ನೇರ ನೀಲಿ ಬಂದು ಬೀಳುತ್ತದೆ. ಬಟ್ಟೆ ಬೆಳಕು ಕೊಡುವುದಿಲ್ಲ. ಕೋಣೆಯ ಬೆಳಕಿನಲ್ಲಿ ಒಂದಷ್ಟನ್ನು ಬಣ್ಣ ನುಂಗುತ್ತದೆ, ಉಳಿದದ್ದು ನಮಗೆ ಕಾಣುತ್ತದೆ. ಪ್ರಿಂಟರ್ ಸಾಮಾನ್ಯವಾಗಿ ನೀಲಿಯನ್ನು ಮಾಡುವುದು ಸಯಾನ್ (ಹಸಿರು ಬೆರೆತ ತಿಳಿನೀಲಿ) ಮತ್ತು ಮಜೆಂಟಾ (ಕಡುಗುಲಾಬಿ) ಸೇರಿಸಿ. ತೀರಾ ಹೊಳೆಯುವ ನೀಲಿ ಕೇಳಿದರೆ ಅದು ಎರಡನ್ನೂ ಹೆಚ್ಚು ಹೆಚ್ಚು ಸುರಿಯುತ್ತದೆ. ಮಜೆಂಟಾ ಒಂದು ಕೂದಲೆಳೆ ಮೇಲಾದರೂ ನೇರಳೆ. ನೀವು ಕೇಳಿದ ನೀಲಿ ಆ ಇಂಕುಗಳ ಅಳವಿನಲ್ಲೇ ಇರಲಿಲ್ಲ. ಹಾಡುಗಾರನಿಗೆ ಏರದ ಸ್ವರವನ್ನು ಕೇಳಿದ ಹಾಗೆ. ಆತ ಹತ್ತಿರದ ಸ್ವರವನ್ನು ಹಾಡಿದ.

ಒಗೆತದಲ್ಲಿ ಬಣ್ಣ ಬಿಟ್ಟದ್ದು ಬೇರೆಯದೇ ಕಾಯಿಲೆ. ನೀವು ಪತ್ರದಲ್ಲಿ ಬಟ್ಟೆ ಯಾವುದು ಎಂದು ಬರೆದಿಲ್ಲ. ನನಗೆ ಮೊದಲು ಬೇಕಾಗಿದ್ದು ಅದೇ! ಹತ್ತಿ, ಲಿನನ್, ವಿಸ್ಕೋಸ್‌ಗೆ ರಿಯಾಕ್ಟಿವ್ ಬಣ್ಣ ಹಿಡಿಯುತ್ತದೆ. ಅದು ನಾರಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಆದರೆ ಅದಕ್ಕೆ ಪ್ರಿಂಟಿಗೆ ಮೊದಲು ಬಟ್ಟೆಗೆ ಲೇಪ ಕೊಡಬೇಕು, ಆಮೇಲೆ ಹಬೆಯಲ್ಲಿ ಇಡಬೇಕು, ಕೊನೆಗೆ ಬೆಸೆಯದೆ ಉಳಿದ ಬಣ್ಣ ಹೋಗುವವರೆಗೆ ಚೆನ್ನಾಗಿ ತೊಳೆಯಬೇಕು. ರೇಷ್ಮೆ, ಉಣ್ಣೆಗೆ ಆಸಿಡ್ ಬಣ್ಣ. ಪಾಲಿಯೆಸ್ಟರ್‌ಗೆ ಡಿಸ್ಪರ್ಸ್ ಬಣ್ಣ. ಇದನ್ನು ಕಾಗದದ ಮೇಲೆ ಮುದ್ರಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಟ್ಟೆಗೆ ಒತ್ತುವುದೇ ಸಬ್ಲಿಮೇಶನ್. ಪಿಗ್ಮೆಂಟ್, ಅಂದರೆ ಕರಗದ ಬಣ್ಣದ ಪುಡಿ, ಯಾವ ಬಟ್ಟೆಗಾದರೂ ಅಂಟುತ್ತದೆ, ಆದರೆ ಮೇಲ್ಮೈಯಲ್ಲಿ ಗೋಂದಿನ ಹಾಗೆ ಕೂರುತ್ತದೆ. ಕೈಗೆ ಸ್ವಲ್ಪ ಬಿರುಸು, ಉಜ್ಜಿದರೆ ಗಾಢ ಬಣ್ಣ ಸವೆಯುತ್ತದೆ.

ಈಗ ನಿಮ್ಮ ಸ್ಟೋಲ್ ಹತ್ತಿ-ಪಾಲಿಯೆಸ್ಟರ್ ಬೆರಕೆ ಆಗಿದ್ದು, ಅದಕ್ಕೆ ಸಬ್ಲಿಮೇಶನ್ ಹಾಕಿದ್ದರೆ? ಪಾಲಿಯೆಸ್ಟರ್ ಎಳೆ ಬಣ್ಣ ಹಿಡಿದುಕೊಂಡಿರುತ್ತದೆ, ಹತ್ತಿ ಎಳೆ ಸುಮ್ನೆ ಮೈಮೇಲೆ ಹೊತ್ತುಕೊಂಡಿರುತ್ತದೆ. ಒಗೆದ ತಕ್ಷಣ ಹತ್ತಿ ಬೆಳ್ಳಗಾಗಿ ಇಡೀ ಬಟ್ಟೆ ಮಂಕಾಗುತ್ತದೆ. ಮಂಕು ಮತ್ತು ಬಣ್ಣ ಬಿಡುವುದು ಎರಡೂ ಒಟ್ಟಿಗೆ ಬಂದಿವೆ ಎಂದರೆ ನನ್ನ ಮೊದಲ ಅನುಮಾನ ಇದರ ಮೇಲೇ. ಎರಡನೆಯ ಅನುಮಾನ, ರಿಯಾಕ್ಟಿವ್ ಪ್ರಿಂಟನ್ನು ಸರಿಯಾಗಿ ತೊಳೆಯದೆ ಕೊಟ್ಟಿರುವುದು. ಪತ್ತೆ ಮಾಡುವುದು ಕಷ್ಟವಲ್ಲ. ಒಂದು ಸ್ಟೋಲನ್ನು ಮೂರು ಸಲ ಒಗೆಯಿರಿ. ಪ್ರತಿ ಸಲ ನೀರಿನ ಬಣ್ಣ ನೋಡಿ. ಮೂರನೆಯ ನೀರು ತಿಳಿಯಾಗಿ, ಬಟ್ಟೆಯ ಬಣ್ಣ ಹಾಗೇ ನಿಂತರೆ ಹೋದದ್ದು ಹೆಚ್ಚುವರಿ ಬಣ್ಣ ಮಾತ್ರ. ಉಳಿದ ಸ್ಟೋಲ್‌ಗಳನ್ನೂ ತೊಳೆದು ನಿಶ್ಚಿಂತೆಯಾಗಿ ಕೊಡಬಹುದು. ಪ್ರತಿ ಒಗೆತಕ್ಕೂ ಬಟ್ಟೆ ಬಿಳುಚುತ್ತಲೇ ಹೋದರೆ ಬಣ್ಣ ನಾರಿಗೆ ಹಿಡಿದೇ ಇಲ್ಲ. ಅದನ್ನು ಉಳಿಸಲು ಮನೆಮದ್ದು ಇಲ್ಲ. ಉಪ್ಪು, ವಿನಿಗರ್ ಎಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ.

ಮುಂದಿನ ಸಲಕ್ಕೆ ಒಂದೇ ಅಭ್ಯಾಸ ಮಾಡಿಕೊಳ್ಳಿ. ಬಣ್ಣವನ್ನು ಬಟ್ಟೆಯಿಂದ ಸ್ಕ್ರೀನಿಗೆ ತನ್ನಿ. ಪ್ರಿಂಟ್ ಹಾಕುವವರ ಬಳಿ, ನೀವು ಬಳಸುವ ಅದೇ ಬಟ್ಟೆಯ ಮೇಲೆ, ನೂರಿನ್ನೂರು ಬಣ್ಣದ ಚೌಕಗಳನ್ನು ಅವುಗಳ ನಂಬರ್ ಸಮೇತ ಮುದ್ರಿಸಿಕೊಳ್ಳಿ. ಒಗೆದು ಒಣಗಿಸಿ. ಅದರಲ್ಲಿ ಇಷ್ಟವಾದ ನೀಲಿಯ ನಂಬರನ್ನು ಡಿಸೈನಿಗೆ ಹಾಕಿ. ಆ ನಂಬರ್ ಸ್ಕ್ರೀನಿನಲ್ಲಿ ವಿಚಿತ್ರವಾಗಿ ಕಾಣಬಹುದು, ತಲೆ ಕೆಡಿಸಿಕೊಳ್ಳಬೇಡಿ. ಮಾದರಿ ತುಂಡನ್ನು ಹಗಲು ಬೆಳಕಿನಲ್ಲೂ ದೀಪದ ಬೆಳಕಿನಲ್ಲೂ ನೋಡಿ. ನಾನು ಒಮ್ಮೆ ಸಂಜೆ ಹಳದಿ ದೀಪದ ಕೆಳಗೆ ಎರಡು ಹಸಿರು ಬಟ್ಟೆ ಹಿಡಿದು "ಹೊಂದುತ್ತೆ, ಹಾಕಿ" ಎಂದುಬಿಟ್ಟೆ. ಬೆಳಿಗ್ಗೆ ಕಿಟಕಿಯ ಹತ್ತಿರ ನೋಡಿದರೆ ಒಂದು ಪಾಚಿ, ಇನ್ನೊಂದು ಗಿಣಿ. ಅಷ್ಟು ಹೊತ್ತಿಗೆ 40 ಮೀಟರ್ ಮುದ್ರಣವಾಗಿತ್ತು. ಆ ಬಟ್ಟೆ ಇನ್ನೂ ನನ್ನ ಬೀರುವಿನಲ್ಲಿದೆ, ಅಹಂಕಾರ ಬಂದಾಗ ತೆಗೆದು ನೋಡುತ್ತೇನೆ.

ಮಸುಕಿನ ವಿಷಯ ಬರೀ ಲೆಕ್ಕ. ಫೋನಿಗೆ ಮಾಡಿದ ಫ್ರೇಮ್ 1080 ಪಿಕ್ಸೆಲ್ ಅಗಲ ಇರುತ್ತದೆ ಎಂದುಕೊಳ್ಳಿ. ಬಟ್ಟೆಗೆ ಇಂಚಿಗೆ 150 ಪಿಕ್ಸೆಲ್ ಸಾಮಾನ್ಯವಾಗಿ ಸಾಕು. ಆ ಲೆಕ್ಕದಲ್ಲಿ ನಿಮ್ಮ ಚಿತ್ರ 18 ಸೆಂಟಿಮೀಟರ್ ಅಗಲಕ್ಕೆ ಮಾತ್ರ ಸಾಲುತ್ತದೆ. 140 ಸೆಂಟಿಮೀಟರ್ ಅಗಲದ ಬಟ್ಟೆಗೆ ಸುಮಾರು 8,270 ಪಿಕ್ಸೆಲ್ ಬೇಕು. ಎಳೆದು ಹಿಗ್ಗಿಸಿದರು, ಮಸುಕಾಯಿತು. ಅಕ್ಷರ, ಗೆರೆಗಳನ್ನು ವೆಕ್ಟರ್ ಆಗಿ, ಅಂದರೆ ಪಿಕ್ಸೆಲ್ ಬದಲು ಎಷ್ಟು ಬೇಕಾದರೂ ಹಿಗ್ಗಿಸಬಹುದಾದ ಆಕಾರವಾಗಿ, ಇಟ್ಟುಕೊಂಡರೆ ಈ ತಲೆನೋವು ಇರುವುದೇ ಇಲ್ಲ.

ಮುದ್ರಿಸುವುದೋ, ನೇಯುವುದೋ

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಕವಿತೆಗೆ ಪ್ರಿಂಟ್‌ಗಿಂತ ನೇಯ್ಗೆ ಹತ್ತಿರ. ಪ್ರಿಂಟ್ ಬಟ್ಟೆಯ ಮೇಲೆ ಕೂರುತ್ತದೆ. ನೇಯ್ದದ್ದು ಬಟ್ಟೆಯೇ ಆಗಿರುತ್ತದೆ. ಹಾಸುಹೊಕ್ಕು ಎಂಬ ಮಾತನ್ನು ನಾವು ಸುಮ್ನೆ ಬಳಸುತ್ತೇವೆ. ಮಗ್ಗದ ಮುಂದೆ ಕೂತರೆ ಅದರ ಅರ್ಥ ಬೆರಳಿಗೆ ತಿಳಿಯುತ್ತದೆ.

ಅಲ್ಲೂ ಗುಂಡಿಗಳಿವೆ. ಮಗ್ಗದ ಪಿಕ್ಸೆಲ್ ಚೌಕ ಇರಲೇಬೇಕೆಂದಿಲ್ಲ. ಸೆಂಟಿಮೀಟರಿಗೆ ಹಾಸಿನಲ್ಲಿ 40 ಎಳೆ, ಹೊಕ್ಕಿನಲ್ಲಿ (ಅಡ್ಡಕ್ಕೆ ಹಾಯುವ ನೂಲಿನಲ್ಲಿ) 20 ಎಳೆ ಇರುವ ಬಟ್ಟೆಗೆ ಉದ್ದ, ಅಗಲ ಎರಡೂ 400 ಪಿಕ್ಸೆಲ್ ಇರುವ ಚೌಕ ಕೊಟ್ಟರೆ, ಬರುವುದು 10 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ಪಟ್ಟಿ. ನಿಮ್ಮ ದುಂಡು ಅಕ್ಷರ ಸೋರೆಕಾಯಿಯ ಹಾಗೆ ಉದ್ದವಾಗುತ್ತದೆ. ಎಳೆಯ ಲೆಕ್ಕ ಕೇಳಿಕೊಂಡು ಚಿತ್ರವನ್ನು ಮೊದಲೇ ಚಪ್ಪಟೆ ಮಾಡಬೇಕು. ಎಲ್ಲೂ ಕಟ್ಟು ಬೀಳದೆ ಮೇಲೆ ಉದ್ದಕ್ಕೆ ತೇಲುವ ನೂಲು ಉಂಗುರಕ್ಕೆ, ಬಳೆಗೆ ಸಿಕ್ಕಿ ಕಿತ್ತುಬರುತ್ತದೆ. ದೊಡ್ಡ ಬಯಲು ಬಣ್ಣ ಕೊಟ್ಟಾಗ ನೇಕಾರರು ನಡುನಡುವೆ ಕಟ್ಟು ಹಾಕುತ್ತಾರೆ, ಆ ಚುಕ್ಕೆಗಳನ್ನು ತಪ್ಪು ಎಂದುಕೊಳ್ಳಬೇಡಿ. ಬಣ್ಣವೂ ಅಷ್ಟೇ. ಮಗ್ಗದಲ್ಲಿ ಇರುವುದು ನೂಲಿನ ಬಣ್ಣ ಮಾತ್ರ, ಉಳಿದ ಛಾಯೆಗಳನ್ನೆಲ್ಲ ದೂರದಿಂದ ಕಣ್ಣು ಬೆರೆಸಿಕೊಳ್ಳುತ್ತದೆ. ಕಪ್ಪು ಹಾಸು ಹಾಕಿದರೆ ಎಲ್ಲ ಬಣ್ಣವೂ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಸಣ್ಣ ಪ್ರಮಾಣದಲ್ಲಿ ನೇಯ್ದು ಕೊಡುವವರು ಸಿಗುವುದು ಪ್ರಿಂಟ್‌ಗಿಂತ ಕಷ್ಟ, ಖರ್ಚೂ ಹೆಚ್ಚು. ಅದು ಗೊತ್ತಿದ್ದೇ ಇಳಿಯಿರಿ.

ಒಡೆದ ಅಕ್ಷರ

"ಕನ್ನಡಕ್ಕೆ ಕಂಪ್ಯೂಟರ್ ಸರಿಹೋಗಲ್ಲ" ಎಂಬ ಹಳೆಯ ಗೊಣಗಾಟ ಇನ್ನೂ ಇದೆ. ಎಲ್ಲ ಲಿಪಿಗಳ ಅಕ್ಷರಗಳಿಗೆ ನಂಬರ್ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ತೊಂದರೆ ಇರುವುದು ಸಾಫ್ಟ್‌ವೇರ್ ಅಕ್ಷರವನ್ನು ಹೇಗೆ ಎಣಿಸುತ್ತದೆ ಎಂಬುದರಲ್ಲಿ. "ಸ್ತ್ರೀ" ನಮಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು 6 ತುಂಡು: ಸ, ವಿರಾಮ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ತ, ವಿರಾಮ, ರ, ಈಕಾರದ ಚಿಹ್ನೆ. ಜೋಡಿಸುವ ಕೆಲಸವನ್ನು ಬೇರೊಂದು ಭಾಗ ಮಾಡಬೇಕು. ಫೋಟೋಶಾಪ್‌ನ ಹಳೆಯ ಆವೃತ್ತಿಗಳಂಥ ಸಾಫ್ಟ್‌ವೇರ್‌ನಲ್ಲಿ ಅಕ್ಷರ ಸಂಬಂಧದ ಸೆಟ್ಟಿಂಗ್ ಬರೀ ಲ್ಯಾಟಿನ್‌ಗೆ (ಇಂಗ್ಲಿಷಿನ ಲಿಪಿಗೆ) ಇದ್ದರೆ ಆ ಜೋಡಣೆ ನಡೆಯುವುದೇ ಇಲ್ಲ. ವರ್ಲ್ಡ್-ರೆಡಿ ಎಂಬ ಆಯ್ಕೆಗೆ ಬದಲಿಸಬೇಕು. ನಿಮ್ಮಲ್ಲಿ ಸರಿಯಾಗಿದ್ದು, ಪ್ರಿಂಟ್ ಹಾಕುವವರ ಕಂಪ್ಯೂಟರಿನಲ್ಲಿ ಫೈಲ್ ತೆರೆದಾಗ ಒಡೆದಿರುವ ಸಾಧ್ಯತೆಯೇ ಜಾಸ್ತಿ. ಆದ್ದರಿಂದ ಬಟ್ಟೆಗೆ ಕಳಿಸುವ ಫೈಲ್‌ನಲ್ಲಿ ಅಕ್ಷರಗಳನ್ನು ಔಟ್‌ಲೈನ್‌ಗೆ ಬದಲಿಸಿ ಕಳಿಸಿ. ಆಗ ಅದು ಬರಹವಾಗಿ ಉಳಿಯದೆ ಆಕಾರ ಆಗುತ್ತದೆ, ಒಡೆಯಲು ಏನೂ ಇರುವುದಿಲ್ಲ. ಮೂಲ ಫೈಲ್ ಮಾತ್ರ ಬೇರೆ ಇಟ್ಟುಕೊಳ್ಳಿ. ಔಟ್‌ಲೈನ್ ಆದದ್ದನ್ನು ಮತ್ತೆ ತಿದ್ದಲಾಗುವುದಿಲ್ಲ.

ಅನಿಮೇಶನ್ ಮತ್ತು ಆ್ಯಪ್‌ನಲ್ಲಿ ಇದರ ಅಡ್ಡಪರಿಣಾಮ ಇನ್ನೂ ಸೂಕ್ಷ್ಮ. ಅಕ್ಷರಗಳು ಒಂದೊಂದಾಗಿ ಕರಗುತ್ತವೆ ಎಂದಿರಿ. ಕೋಡ್ ಬರೆದವರು ಕಂಪ್ಯೂಟರಿನ ತುಂಡುಗಳನ್ನೇ ಎಣಿಸಿದ್ದರೆ "ಸ್ತ್ರೀ" ಮಾಯವಾಗುವ ಮೊದಲು "ಸ್ತ್ರ" ಆಗಿ, "ಸ್ತ್" ಆಗಿ, ಹೀಗೆ ಯಾರೂ ಬರೆಯದ ರೂಪಗಳಲ್ಲಿ ಹಾದುಹೋಗುತ್ತದೆ. ನಿಮ್ಮ ಕವಿತೆಯ ಜೀವವೇ ಅಕ್ಷರದ ಲೆಕ್ಕ. ಅದನ್ನು ಯಂತ್ರದ ಕೈಗೆ ಕೊಡಬೇಡಿ. 12 ಸಾಲು, ಒಟ್ಟು 78 ಅಕ್ಷರ. ಕೈಯಿಂದಲೇ ಬಿಡಿಸಿ ಪಟ್ಟಿ ಮಾಡಿಕೊಡಿ, ಕೋಡ್ ಆ ಪಟ್ಟಿಯನ್ನು ಓದಲಿ.

ನೇಯುವುದಾದರೆ ಅಕ್ಷರದ ಗಾತ್ರವನ್ನು ಚೌಕುಳಿ ಹಾಳೆಯಲ್ಲಿ ತುಂಬಿ ನೋಡಿ. ಒಳಗಿನ ಚುಕ್ಕೆಗೆ ಜಾಗ ಸಿಗದಿದ್ದರೆ ಥ ಹೋಗಿ ಧ ಆಗುತ್ತದೆ. ನಡುವಿನ ಗೆರೆ ಕಳೆದರೆ ಷ ಹೋಗಿ ಪ. ಮರೆವಿನ ಕವಿತೆಗೆ ಇದು ಒಪ್ಪುತ್ತದೆ ಎಂದು ನೀವು ವಾದಿಸಬಹುದು. ಒಪ್ಪಲೂಬಹುದು. ಬೇಕೆಂದು ಮಾಡಿದ್ದೋ, ತಪ್ಪಿ ಆದದ್ದೋ ಎಂಬುದು ನಿಮಗೆ ಗೊತ್ತಿದ್ದರೆ ಸಾಕು.

ಫಾಂಟ್ ಬಗ್ಗೆ ಒಂದು ಮಾತು. ಕಂಪ್ಯೂಟರಿನಲ್ಲಿ ಇದೆ ಎಂದ ಮಾತ್ರಕ್ಕೆ ಫಾಂಟನ್ನು ಆ್ಯಪಿನೊಳಗೆ ಸೇರಿಸಿ ಹಂಚುವ ಹಕ್ಕು ಬಂದಿರುವುದಿಲ್ಲ. ಅದಕ್ಕೆ ಬೇರೆಯೇ ಪರವಾನಗಿ ಬೇಕಾಗಬಹುದು. ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್ ಹಿಡಿದರೆ ಸ್ಕ್ರೀನ್, ಬಟ್ಟೆ, ಆ್ಯಪ್ ಮೂರಕ್ಕೂ ನಿರಾಳ.

ಆ್ಯಪ್ ಎಲ್ಲಿ ಹೋಯಿತು?

ನಿಮ್ಮ ಆ್ಯಪ್ ಕೆಟ್ಟಿಲ್ಲ. ಅದು ಅಲ್ಲೇ ನಿಂತಿದೆ, ಕಾಲಕೆಳಗಿನ ನೆಲ ಮುಂದೆ ಹೋಗಿದೆ. ಫೋನಿನ ಒಳಗಿನ ವ್ಯವಸ್ಥೆ ಪ್ರತಿ ವರ್ಷ ಬದಲಾಗುತ್ತದೆ. ಆ್ಯಪ್ ಸ್ಟೋರ್‌ಗಳು ಹಳೆಯ ವ್ಯವಸ್ಥೆಗೆ ಮಾಡಿದ, ನವೀಕರಿಸದ ಆ್ಯಪ್‌ಗಳನ್ನು ಹೊಸ ಫೋನುಗಳಿಗೆ ತೋರಿಸುವುದನ್ನೇ ನಿಲ್ಲಿಸುತ್ತವೆ. ಈಗಾಗಲೇ ಹಾಕಿಕೊಂಡವರ ಹಳೆಯ ಫೋನಿನಲ್ಲಿ ಓಡುತ್ತಿರುತ್ತದೆ. ನೀವು ಬರೆದದ್ದು ಇದೇ ಲಕ್ಷಣ.

ಇದು ನಿಮಗೊಬ್ಬರಿಗೆ ಬಂದ ಕಷ್ಟವೂ ಅಲ್ಲ. 2017ರಲ್ಲಿ ಐಫೋನಿಗೆ ಐಒಎಸ್ 11 ಬಂದಾಗ 32-ಬಿಟ್ ಎಂಬ ಹಳೆಯ ಮಾದರಿಯ ಆ್ಯಪ್‌ಗಳು ಒಂದೇ ಏಟಿಗೆ ನಿಂತವು. ಅವುಗಳಲ್ಲಿ ಕಲಾವಿದರು ಮಾಡಿದವೂ ಇದ್ದವು. 2020ರ ಡಿಸೆಂಬರ್ 31ಕ್ಕೆ, ವೆಬ್‌ನಲ್ಲಿ ಅನಿಮೇಶನ್ ಓಡಿಸುತ್ತಿದ್ದ ಫ್ಲ್ಯಾಶ್‌ನ ಬೆಂಬಲ ಮುಗಿಯಿತು, ಅದರಲ್ಲಿ ಕಟ್ಟಿದ್ದ ಎಷ್ಟೋ ಚಲಿಸುವ ಕವಿತೆಗಳು ಕಪ್ಪು ಚೌಕಗಳಾದವು. ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಒಂದು ಜಾಕೆಟ್. 2017ರಲ್ಲಿ ಗೂಗಲ್ ಮತ್ತು ಲೀವೈಸ್ ಸೇರಿ, ತೋಳಿನಲ್ಲಿ ವಿದ್ಯುತ್ ಹರಿಯುವ ನೂಲು ನೇಯ್ದ ಡೆನಿಮ್ ಜಾಕೆಟ್ ಮಾರಾಟಕ್ಕೆ ತಂದವು. ತೋಳು ಸವರಿದರೆ ಫೋನಿನಲ್ಲಿ ಹಾಡು ಬದಲಾಗುತ್ತಿತ್ತು. ಆ ಯೋಜನೆಯ ಹೆಸರು ಜಕಾರ್ಡ್! 2023ರಲ್ಲಿ ಅದರ ಆ್ಯಪ್ ನಿಂತುಹೋಯಿತು. ಜಾಕೆಟ್ ಇನ್ನೂ ಜಾಕೆಟ್ಟೇ. ಚಳಿಗೆ ಹಾಕಿಕೊಳ್ಳಬಹುದು.

ಈಗ ನಿಮ್ಮ ಮುಂದಿರುವ ದಾರಿಗಳು. ಆ್ಯಪನ್ನು ಪ್ರತಿ ವರ್ಷ ನವೀಕರಿಸುತ್ತಾ ಹೋಗಬಹುದು. ಅದು ಸಾಕುಪ್ರಾಣಿ ಸಾಕಿದ ಹಾಗೆ, ನೀವು ಕೋಡ್ ಬರೆಯುವವರಲ್ಲವಾದ್ದರಿಂದ ಪ್ರತಿ ಸಲ ಇನ್ನೊಬ್ಬರನ್ನು ಹುಡುಕಬೇಕು. ಮೂಲ ಕೋಡ್ ನಿಮ್ಮ ಹತ್ತಿರ ಇದೆಯೇ? ಇಲ್ಲದಿದ್ದರೆ ಇವತ್ತೇ ಕೇಳಿ ಇಸಿದುಕೊಳ್ಳಿ, ಮಾಡಿಕೊಟ್ಟವರು ಫೋನ್ ನಂಬರ್ ಬದಲಿಸುವ ಮೊದಲು. ಎರಡನೆಯದು, ಅದನ್ನು ಸಾದಾ ವೆಬ್ ಪುಟವಾಗಿ ಮತ್ತೆ ಕಟ್ಟುವುದು. ಬೆರಳು ಇಟ್ಟಲ್ಲಿ ಅಕ್ಷರ ಮಾಯವಾಗುವುದಕ್ಕೆ ಆ್ಯಪೇ ಬೇಕಿಲ್ಲ, ಪಿ5.ಜೆಎಸ್‌ನಂಥ ಉಚಿತ ಸಾಧನದಲ್ಲಿ ಅದು ಸಣ್ಣ ಕೆಲಸ. 1990ರ ದಶಕದ ಸರಳ ವೆಬ್ ಪುಟಗಳು ಇಂದಿಗೂ ತೆರೆದುಕೊಳ್ಳುತ್ತವೆ. ಆ ಕಾಲದ ಫೋನ್ ಆಟಗಳ ಬಗ್ಗೆ ಈ ಮಾತು ಹೇಳಲಾಗುವುದಿಲ್ಲ. ಅಪಾಯ ಇಲ್ಲೂ ಇದೆ. ವಿಳಾಸದ ಬಾಡಿಗೆ ಕಟ್ಟುವುದು ಮರೆತರೆ ಪುಟ ಹೋಯಿತು. ಹೊರಗಿನ ಹತ್ತಾರು ಸೇವೆಗಳ ಮೇಲೆ ಪುಟ ನಿಂತಿದ್ದರೆ ಅವುಗಳಲ್ಲಿ ಒಂದು ಬಿದ್ದರೂ ಇದೂ ಬೀಳುತ್ತದೆ. ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ, ಇಂಟರ್‌ನೆಟ್ ಇಲ್ಲದೆಯೂ ತೆರೆಯುವ ಹಾಗೆ ಇಟ್ಟುಕೊಳ್ಳಿ.

ಮ್ಯೂಸಿಯಂಗಳಲ್ಲಿ ಇಂಥ ಕೃತಿಗಳನ್ನು ನೋಡಿಕೊಳ್ಳುವವರು ಒಂದು ಒಳ್ಳೆಯ ಪ್ರಶ್ನೆ ಕೇಳುತ್ತಾರೆ. ನ್ಯೂಯಾರ್ಕಿನ ಗುಗನ್‌ಹೈಮ್ ಮ್ಯೂಸಿಯಂನವರು ಬೆಳೆಸಿದ ವಿಧಾನ ಅದು. ಯಂತ್ರ ಸತ್ತ ಮೇಲೆ ಈ ಕೃತಿಯನ್ನು ಏನು ಮಾಡಬೇಕು ಎಂದು ಕಲಾವಿದರನ್ನೇ ಮೊದಲು ಕೇಳಿ ಬರೆದಿಡುವುದು. ಹಳೆಯ ಫೋನನ್ನೇ ಜೋಪಾನ ಮಾಡಬೇಕೇ, ಹೊಸ ಯಂತ್ರದೊಳಗೆ ಹಳೆಯದರ ವೇಷ ಹಾಕಿಸಬೇಕೇ, ಹೊಸ ವ್ಯವಸ್ಥೆಗೆ ಸಾಗಿಸಬೇಕೇ, ಅಥವಾ ಬೇರೆಯೇ ರೂಪದಲ್ಲಿ ಮತ್ತೆ ಮಾಡಬೇಕೇ? ನೀವೂ ಅರ್ಧ ಪುಟ ಬರೆದಿಡಿ. ಜೊತೆಗೆ, ಯಾರಾದರೂ ಹಳೆಯ ಫೋನಿನಲ್ಲಿ ಆ ಆ್ಯಪನ್ನು ಮುಟ್ಟುತ್ತಿರುವ ವಿಡಿಯೊ ತೆಗೆಯಿರಿ. ಸ್ಕ್ರೀನ್ ರೆಕಾರ್ಡಿಂಗ್ ಸಾಲದು, ಬೆರಳು ಕಾಣಬೇಕು. ಸಾಧ್ಯವಾದರೆ ಅಜ್ಜಿಯ ಬೆರಳು.

ಹಾಗಾದರೆ ಯಾವುದನ್ನು ಬಿಡಬೇಕು?

ಇಷ್ಟೆಲ್ಲ ನೋಡಿದ ಮೇಲೆ ನನಗೆ ಕಾಣುವುದು ಇದು. ನೀವು ನಾಲ್ಕು ಕಡೆ ಸಾಗಿಸಿದ್ದು ಒಂದು ಚಿತ್ರವನ್ನು. ನೀಲಿ ಹಿನ್ನೆಲೆಯ ಆ ಫ್ರೇಮ್ ಫೋನಿಗೆ ಹುಟ್ಟಿದ್ದು, ಅದನ್ನೇ ಎತ್ತಿ ಬಟ್ಟೆಗೆ ಅಂಟಿಸಿದಿರಿ. ಸಾಗಿಸಬೇಕಾಗಿದ್ದು ನಿಯಮವನ್ನು. ಪ್ರತಿ ಸಾಲಿಗೆ ಒಂದು ಕಡಿಮೆ, ಇದೇ ನಿಮ್ಮ ಕೃತಿ. ನೀಲಿ ಅದಕ್ಕೆ ಉಡಿಸಿದ ಅಂಗಿ.

ವೆರಾ ಮೋಲ್ನಾರ್ ಎಂಬವರ ಬಗ್ಗೆ ಹೇಳಬೇಕು. 1924ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದವರು, ಪ್ಯಾರಿಸ್‌ನಲ್ಲಿ ಬದುಕಿದವರು, 2023ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕಂಪ್ಯೂಟರ್ ಕಲೆಯ ಹಿರಿಯಮ್ಮ. ಆದರೆ 1968ರವರೆಗೆ ಅವರ ಕೈಗೆ ಕಂಪ್ಯೂಟರ್ ಸಿಕ್ಕಿರಲಿಲ್ಲ. ಅದಕ್ಕೂ ಸುಮಾರು ಹತ್ತು ವರ್ಷ ಮೊದಲೇ, ತನ್ನ ಹತ್ತಿರ ಒಂದು ಕಲ್ಪನೆಯ ಯಂತ್ರ ಇದೆ ಎಂದುಕೊಂಡು, ಸಣ್ಣ ಸಣ್ಣ ನಿಯಮಗಳನ್ನು ಮಾಡಿ, ಅವನ್ನು ಹಂತ ಹಂತವಾಗಿ ಕೈಯಿಂದಲೇ ಪಾಲಿಸಿ ಬಿಡಿಸುತ್ತಿದ್ದರು. ಯಂತ್ರ ಆಮೇಲೆ ಬಂತು. ನಿಯಮ ಮೊದಲೇ ಇತ್ತು. ಹಾಗಾಗಿ ಯಾವ ಯಂತ್ರ ಬಂದರೂ ಹೋದರೂ ಅವರ ಕೆಲಸಕ್ಕೆ ಬುಡ ಅಲುಗಲಿಲ್ಲ.

ನಿಮ್ಮ ನಿಯಮವನ್ನು ಮಗ್ಗದವರಿಗೆ ಕೊಟ್ಟು ನೋಡಿ. 12 ಪಟ್ಟೆ, ಪ್ರತಿ ಪಟ್ಟೆಯಲ್ಲಿ ಬಣ್ಣದ ಹೊಕ್ಕು ಒಂದೊಂದು ಪಾಲು ಕಡಿಮೆ, ಕೊನೆಯಲ್ಲಿ ಬರೀ ಹಾಸು ನಿಂತು ಜಾಲರಿಯ ಹಾಗೆ ಬೆಳಕು ಬಿಡುತ್ತದೆ. ಒಂದು ಅಕ್ಷರವನ್ನೂ ನೇಯದೆ ಕವಿತೆ ಅಲ್ಲಿ ಇರುತ್ತದೆ. ತೀರಾ ಸಡಿಲ ನೇಯ್ಗೆ ಜಾರಿಹೋಗುತ್ತದೆ ಎಂದು ನೇಕಾರರು ಎಚ್ಚರಿಸುತ್ತಾರೆ. ಕೇಳಿ. ಎಷ್ಟರವರೆಗೆ ಕಳೆಯಬಹುದು ಎಂಬುದು ಅವರಿಗೆ ಗೊತ್ತು, ನಿಮಗೂ ನನಗೂ ಗೊತ್ತಿಲ್ಲ. ನಾಲ್ಕು ಕೈಗಳು ಒಬ್ಬರಲ್ಲೇ ಇರಬೇಕಿಲ್ಲ ಎಂದದ್ದು ಇದಕ್ಕೇ.

ನಾನಾಗಿದ್ದರೆ ಆ್ಯಪನ್ನು ಬಿಟ್ಟು ವೆಬ್ ಪುಟ ಮಾಡುತ್ತಿದ್ದೆ. ಪ್ರಿಂಟನ್ನು ಒಂದು ವರ್ಷ ಪಕ್ಕಕ್ಕಿಟ್ಟು ಒಂದೇ ಒಂದು ನೇಯ್ದ ತುಂಡು ಮಾಡಿಸುತ್ತಿದ್ದೆ. ಅನಿಮೇಶನ್ನಿನ ಅಕ್ಷರ ಎಣಿಕೆ ಸರಿಮಾಡುತ್ತಿದ್ದೆ. ಕವಿತೆಯನ್ನು ಮುಟ್ಟುತ್ತಿರಲಿಲ್ಲ. ಇದರ ಅಪಾಯ ಹೇಳಿಬಿಡುತ್ತೇನೆ: ಮಾರಲು ಕೈಯಲ್ಲಿ ಏನೂ ಇಲ್ಲದ ಒಂದು ವರ್ಷ. ಸ್ಟೋಲ್ ಮಾರಿಯೇ ಮನೆ ನಡೆಯಬೇಕು ಎಂದಿದ್ದರೆ ಪ್ರಿಂಟ್ ಮುಂದುವರಿಸಿ, ಮೇಲೆ ಹೇಳಿದ ಬಣ್ಣದ ಚೌಕಗಳಿಂದ ಶುರುಮಾಡಿ, ನೇಯ್ಗೆ ಕಾಯಲಿ. ಅದರಲ್ಲಿ ಅವಮಾನವೇನಿಲ್ಲ.

ಏನೆಂದು ಕರೆದುಕೊಳ್ಳಬೇಕು ಎಂಬುದಕ್ಕೆ ಜಾಸ್ತಿ ಯೋಚನೆ ಬೇಡ. ಕೇಳಿದವರು ಯಾರು ಎಂದು ನೋಡಿ. ನೇಕಾರರಿಗೆ ಡಿಸೈನರ್, ಸಂಪಾದಕರಿಗೆ ಕವಿ, ಅರ್ಜಿ ನಮೂನೆಗೆ ಕಲಾವಿದೆ. ನಾನು ಇಷ್ಟು ವರ್ಷ ಹಾಗೇ ಕಳೆದಿದ್ದೇನೆ.

ಇನ್ನು ಆ 10 ಸ್ಟೋಲ್‌ಗಳು. ಬಣ್ಣ ಬಿಡುತ್ತದೆ ಎಂದು ಹೇಳದೆ ಯಾರಿಗೂ ಮಾರಬೇಡಿ, ಅವರ ಬಿಳಿ ಬಟ್ಟೆ ಹಾಳಾದರೆ ಹೆಸರು ನಿಮ್ಮದೇ ಕೆಡುವುದು. ಆದರೆ ಒಂದನ್ನು ಬೇರೆ ಇಡಿ. ವಾರಕ್ಕೊಮ್ಮೆ ಒಗೆಯಿರಿ, ಒಂದೇ ಕಿಟಕಿಯ ಹತ್ತಿರ, ಹಗಲಿನ ಒಂದೇ ಹೊತ್ತಿಗೆ, ಒಂದೇ ದೂರದಿಂದ ಫೋಟೊ ತೆಗೆಯಿರಿ. 12 ಒಗೆತ, 12 ಫೋಟೊ. ಮೊದಲನೆಯದರಲ್ಲಿ ನೀಲಿ ಎಲ್ಲಕ್ಕಿಂತ ಹೆಚ್ಚು ಇರುತ್ತದೆ. ಹನ್ನೆರಡನೆಯದರಲ್ಲಿ ಎಷ್ಟು ಉಳಿದಿದೆ ಎಂದು ನನಗೂ ಕಳಿಸಿ.